ಸನಾವುಲ್ಲಾ ತೇಯ್ದ ವೆಜ್

ಅರ್ಧ ಇಳಿಸಿದ್ದ ಶಟರಿನಡಿ ಬಗ್ಗಿ ಲಕ್ಷ್ಮಿಕಾಂತ ಅಂಗಡಿಯೊಳಗೆ ನುಸುಳಿದ. ಮಹಡಿಯ ಮೇಲೆ ತೀರಿಕೊಂಡ ಸನಾವುಲ್ಲಾನ ಮೈ ತೊಳೆಯುತ್ತಿದ್ದರು; ನೀರು ಸುರಿಯುವ ಸದ್ದು ಕೆಳಗೂ ಕೇಳುತ್ತಿತ್ತು. ಹನ್ನೊಂದು ವರ್ಷದಿಂದ ಅವನು ಶಿವಾಜಿನಗರದ ಈ ಸಂದಿಗೆ ಕಾಲಿಟ್ಟಿರಲಿಲ್ಲ. ಹೊರಗೆ ಕುರ್ಚಿಯಲ್ಲಿ ಕೂತಿದ್ದ ಹಳೆಯ ಗೆಳೆಯ ಮುತ್ತುರಾಜ್ ಇವನನ್ನು ಕಂಡು ತಡಬಡಾಯಿಸಿ, "ನೀನೂ ಬಂದ್ಯಾ? ಒಳಗೆ ಹೋಗ್ಬೇಡ, ಮನೆಯವ್ರಿಗೆ ಬೇಜಾರಾಗತ್ತೆ" ಅಂದಿದ್ದ. ಹಾಗಂದಿದ್ದಕ್ಕೇ ಒಳಗೆ ಹೋಗಬೇಕೆನಿಸಿತ್ತು.

ಸಾಣೆ ಚಕ್ರದ ಬೆಲ್ಟ್ ಬಿಚ್ಚಿತ್ತು. ಪಕ್ಕದಲ್ಲೊಂದು ಕೈಸಾಣೆ, ಗೋಡೆಯ ತುಂಬ ರಸೆಲ್ ಮಾರ್ಕೆಟ್ಟಿನ ಮಾಂಸದಂಗಡಿಗಳ ಕತ್ತಿಗಳು. ಹುಡುಕಿದರೂ ಒಂದು ಗಾಲ್ಫ್ ಸ್ಟಿಕ್ ಇರಲಿಲ್ಲ. ಗುರುತೇ ಸಿಗದ ಹಾಗೆ ಎಲ್ಲ ಸಾಗಿಸಿದ್ದಾನೆ ಅಂದುಕೊಂಡ.

"ಏನು ಹುಡುಕ್ತಿದ್ದೀರಾ ಅಂಕಲ್?"

ಸನಾವುಲ್ಲಾನ ಮಗಳು ಮೆಹ್ವಿಶ್ ಹಿಂಬಾಗಿಲಲ್ಲಿ ನಿಂತಿದ್ದಳು. ಅತ್ತು ಅತ್ತು ಅವಳ ಕಣ್ಣು ಊದಿದ್ದವು.

* * *

ಆಗ ಲಕ್ಷ್ಮಿಕಾಂತನಿಗೆ ಮೂವತ್ತೆರಡು ವರ್ಷ. ಗಾಲ್ಫ್ ಮೈದಾನದಲ್ಲಿ ಸಾಹೇಬರ ಚೀಲ ಹೊರುವ ಕ್ಯಾಡಿ. ಪ್ರೊಫೆಷನಲ್ ಆಟಗಾರನಾಗಲು ಅರ್ಹತಾ ಪಂದ್ಯಕ್ಕೆ ಹೆಸರು ಕೊಟ್ಟಿದ್ದ. ಅವನ ಬಲವೆಲ್ಲ ವೆಜ್‌ನಲ್ಲಿ. ಹತ್ತಿರದಿಂದ ಚೆಂಡನ್ನು ಎತ್ತಿ ಗುಂಡಿಯ ಪಕ್ಕ ಇಳಿಸುವ, ಅಗಲ ಮುಖದ ಆ ಸ್ಟಿಕ್‌ನಲ್ಲಿ. ಹಳೆಯದೊಂದು ಇದ್ದರೂ ಪಂದ್ಯಕ್ಕೆಂದು ಹೊಸದೊಂದು ತಂದಿದ್ದ. ಅದರ ಅಡಿ ಉಬ್ಬಾಗಿ, ಗಟ್ಟಿ ನೆಲಕ್ಕೆ ಬಡಿದು ಪುಟಿಯುತ್ತಿತ್ತು. ತೇಯಿಸಲು ಸನಾವುಲ್ಲಾನ ಹತ್ತಿರ ಒಯ್ದ.

ಸನಾವುಲ್ಲಾ ಜನ್ಮದಲ್ಲಿ ಒಂದು ಚೆಂಡು ಹೊಡೆದವನಲ್ಲ. ಆದರೂ ಊರಿನ ಕ್ಯಾಡಿಗಳೆಲ್ಲ ಅವನ ಹತ್ತಿರವೇ ಬರುತ್ತಿದ್ದರು. ಅವನು ವೆಜ್‌ನ ಅಡಿಯನ್ನು ಹೆಬ್ಬೆರಳಿನಿಂದ ಸವರಿ ಕೇಳಿದ:

"ಆಡೋದೆಲ್ಲಿ?"

"ಊರಾಚೆ, ಭಾಯ್. ನೆಲ ಕಲ್ಲಿದ್ದಂಗಿದೆ."

"ಮರಳು?"

"ಅದೂ ಗಟ್ಟಿನೇ. ತೇಯಿರಿ."

"ತೇದ ಕಬ್ಬಿಣ ವಾಪಸ್ ಬರಲ್ಲ. ಮೆತ್ತಗಿನ ಮರಳಲ್ಲಿ ಈ ಉಬ್ಬೇ ಸ್ಟಿಕ್‌ನ ತೇಲಿಸೋದು. ಇಲ್ದಿದ್ರೆ ಹೂತ್ಕೊಳ್ಳತ್ತೆ. ಯೋಚ್ನೆ ಮಾಡಿದ್ಯಾ?"

"ಮಾಡಾಗಿದೆ."

ಪಂದ್ಯದ ಕೊನೆಯ ಗುಂಡಿಯಲ್ಲಿ ಚೆಂಡು ಬಂಕರಿಗೆ, ಅಂದರೆ ಮರಳು ತುಂಬಿದ ಹಳ್ಳಕ್ಕೆ, ಬಿತ್ತು. ಲಕ್ಷ್ಮಿಕಾಂತ ಬೀಸಿದ ವೆಜ್ ಗುದ್ದಲಿಯ ಹಾಗೆ ಮರಳೊಳಗೆ ಇಳಿದು ಅಲ್ಲೇ ನಿಂತಿತು. ಚೆಂಡು ಒಂದು ಗೇಣು ಉರುಳಿತು. ಒಂದೇ ಹೊಡೆತದ ಅಂತರದಲ್ಲಿ ಪ್ರೊಫೆಷನಲ್ ಕಾರ್ಡ್ ಜೊತೆಯ ಕ್ಯಾಡಿ ಮುತ್ತುರಾಜನ ಪಾಲಾಯಿತು.

ಮುತ್ತುರಾಜನೇ ಹೆಗಲ ಮೇಲೆ ಕೈಯಿಟ್ಟು ಹೇಳಿದ್ದ: "ಭಾಯ್ ಬೇಕಂತಾನೇ ಜಾಸ್ತಿ ತೇದಿದಾನೆ ಅನ್ಸತ್ತೆ ಮಗಾ. ಯಾರೋ ಹೇಳಿ ಮಾಡಿಸಿರ್ಬೇಕು."

ಆ ಮಾತನ್ನು ಲಕ್ಷ್ಮಿಕಾಂತ ಸಿಕ್ಕಸಿಕ್ಕವರ ಮುಂದೆಲ್ಲ ಆಡಿಕೊಂಡು ಬಂದ.

* * *

"ಅವತ್ತಿಂದ ಅಬ್ಬಾ ಗಾಲ್ಫ್ ಕೆಲ್ಸ ಮುಟ್ಟಲಿಲ್ಲ. ಬಂದೋರ್ನೂ ವಾಪಸ್ ಕಳಿಸ್ತಿದ್ರು" ಎಂದಳು ಮೆಹ್ವಿಶ್.

"ತಪ್ಪು ಮಾಡ್ದೇ ಇದ್ರೆ ಯಾಕೆ ಬಿಡ್ಬೇಕಿತ್ತು?"

ಅವಳು ಅವನನ್ನೇ ನೋಡಿದಳು. "ಪಂದ್ಯದ ಹಿಂದಿನ ದಿನ ಗೊತ್ತಾಯ್ತು, ಅಲ್ಲಿ ಬಂಕರ್‌ಗೆಲ್ಲ ಹೊಸ ಮೆತ್ತಗಿನ ಮರಳು ತುಂಬ್ಸಿದಾರೆ ಅಂತ. ನಿಮ್ಮ ಫೋನ್ ಆಫ್ ಇತ್ತು. ತೇಯ್ದಿದ್ದು ಬಂಕರಲ್ಲಿ ಎತ್ಬೇಡ, ಹಳೇ ಉಬ್ಬಿನ ವೆಜ್ಜೇ ತಗೊಂಡ್ಹೋಗು ಅಂತ ಹೇಳಿ ಕಳ್ಸಿದ್ರು. ನಾನು ಇಲ್ಲೇ ಕೂತು ಹೋಂವರ್ಕ್ ಬರೀತಿದ್ದೆ. ಹೇಳಿ ಕಳ್ಸಿದ್ರೂ ನೀವು ಅದನ್ನೇ ಎತ್ಕೊಂಡ್ರಿ. ನನ್ನ ಮಾತು ನಂಬ್ದೇ ಇರೋರಿಗೆ ಯಾಕೆ ತೇಯ್ಲಿ ಅಂತ ಬೆಲ್ಟ್ ಬಿಚ್ಚಿಟ್ರು."

ಪಂದ್ಯಕ್ಕೆ ಮೊದಲು ಎರಡು ದಿನ ಲಕ್ಷ್ಮಿಕಾಂತ ಫೋನ್ ಆರಿಸಿಟ್ಟಿದ್ದು ನಿಜವೇ.

"ಯಾರತ್ರ ಹೇಳಿ ಕಳ್ಸಿದ್ರು?"

"ಮುತ್ತುರಾಜ್ ಅಂಕಲ್ ಹತ್ರ."

* * *

ಜನಾಜಾದ ಮೆರವಣಿಗೆ ಮಾರ್ಕೆಟ್ಟನ್ನು ದಾಟುವಾಗ ಮುತ್ತುರಾಜ್ ಚಟ್ಟದ ಮುಂದಿನ ಕಾಲಿಗೆ ಹೆಗಲು ಕೊಟ್ಟಿದ್ದ. ಲಕ್ಷ್ಮಿಕಾಂತ ಒಬ್ಬರನ್ನು ಸರಿಸಿ ಅವನ ಹಿಂದೆಯೇ ಹೆಗಲು ಕೊಟ್ಟ.

"ನಂಗೆ ಹೇಳು ಅಂತ ಭಾಯ್ ನಿಂಗೊಂದು ಮಾತು ಹೇಳಿದ್ರಂತೆ. ಮರಳಿಂದು."

ಮುತ್ತುರಾಜ್ ತಿರುಗಲಿಲ್ಲ. ಅವನ ಹೆಜ್ಜೆ ಒಮ್ಮೆ ತಪ್ಪಿ ಚಟ್ಟ ವಾಲಿತು. ಪಕ್ಕದಲ್ಲಿದ್ದವರು "ಸಂಭಾಲ್ಕೆ" ಎಂದರು.

ಬಸ್ ಸ್ಟ್ಯಾಂಡಿನ ಗದ್ದಲ ಹಿಂದೆ ಉಳಿದ ಮೇಲೆ ಅವನು ಮೆಲ್ಲಗೆ ಹೇಳಿದ: "ನಮ್ಮಿಬ್ರಲ್ಲಿ ಒಬ್ರಿಗೇ ಸಿಗೋದು ಅಂತ ಗೊತ್ತಿತ್ತು ಮಗಾ."

"ಆಮೇಲಾದ್ರೂ ಹೇಳ್ಬಹುದಿತ್ತಲ್ಲ. ಹನ್ನೊಂದು ವರ್ಷ ಆಯ್ತು."

ಇನ್ನೊಬ್ಬರು ಹೆಗಲು ಬದಲಾಯಿಸಲು ಬಂದರು. ಮುತ್ತುರಾಜ್ ಬಿಟ್ಟುಕೊಟ್ಟು ಪಕ್ಕಕ್ಕೆ ಸರಿದ. ಲಕ್ಷ್ಮಿಕಾಂತ ಮಾತ್ರ ಕಬರಸ್ತಾನದವರೆಗೂ ತನ್ನ ಜಾಗ ಯಾರಿಗೂ ಬಿಟ್ಟುಕೊಡಲಿಲ್ಲ.

ಎಲ್ಲರೂ ಮೂರು ಮೂರು ಹಿಡಿ ಮಣ್ಣು ಹಾಕಿದರು. ಮುತ್ತುರಾಜ್ ಹಾಕಿ, ಬೂಟಿನ ಮಣ್ಣು ಕೊಡವಿ ಕಾರಿನತ್ತ ನಡೆದ. ಲಕ್ಷ್ಮಿಕಾಂತನ ಸರದಿ ಕೊನೆಗೆ ಬಂತು. ಮಣ್ಣು ತೇವವಾಗಿ ಮೆತ್ತಗಿತ್ತು.

"ನಂಗೆ ಯಾರೂ ಹೇಳಿರ್ಲಿಲ್ಲ ಭಾಯ್" ಎಂದ, ಪಕ್ಕದವರಿಗೂ ಕೇಳಿಸದಷ್ಟು ಮೆಲ್ಲಗೆ.

ಜನ ಚದುರಿದರು. ಬಂಕರಿನಿಂದ ಹೊರಬರುವ ಕ್ಯಾಡಿ ಆಟಗಾರನ ಹೆಜ್ಜೆ ಗುರುತು ಉಳಿಯದ ಹಾಗೆ ಮರಳು ಸಮ ಮಾಡುತ್ತ ಹಿಂದಕ್ಕೆ ಸರಿಯುತ್ತಾನೆ. ಲಕ್ಷ್ಮಿಕಾಂತ ಹಾಗೆಯೇ ಕುಕ್ಕರುಗಾಲಲ್ಲಿ ಕೂತು, ಗೋರಿಯ ಸುತ್ತಲಿನ ಸಡಿಲ ಮಣ್ಣನ್ನು ಅಂಗೈಯಿಂದ ಸವರುತ್ತ ಹಿಂದೆ ಹಿಂದೆ ಬಂದ. ತನ್ನ ಚಪ್ಪಲಿಯ ಗುರುತು ಅಳಿಸಿದ, ಗೊತ್ತಿಲ್ಲದವರದ್ದನ್ನೂ ಅಳಿಸಿದ. ಮುತ್ತುರಾಜನ ಬೂಟಿನ ಎರಡು ಗುರುತುಗಳು ಬಂದಾಗ ಅವನ ಕೈ ನಿಂತಿತು. ಅವನ್ನು ಹಾಗೇ ಬಿಟ್ಟು, ಸುತ್ತಲಿನ ಮಣ್ಣನ್ನಷ್ಟೇ ನುಣ್ಣಗೆ ಸವರಿದ.