ಗಿಡ್ಡ ಮಂಚ

“ಸ್ವಲ್ಪ ಓರೆ ಮಾಡ್ರಪ್ಪಾ, ಬಾಗಿಲ ಬಣ್ಣ ಕಿತ್ತು ಬರುತ್ತೆ!” ಎಂದು ಬಾಡಿಗೆ ಮನೆಯ ಒಡತಿ ಅಂಗಳದಿಂದಲೇ ಕೂಗಿದಳು.

ಸ್ಟ್ರೆಚರ್ ಹೊಸ್ತಿಲಲ್ಲಿ ಸಿಕ್ಕಿಕೊಂಡಿತ್ತು. ಖಾಲಿಯಿದ್ದಾಗ ಮಗ್ಗುಲಾಗಿಸಿ ಒಳಗೆ ತಂದಿದ್ದರು. ಈಗ ಹಾಗೆ ಮಾಡುವಂತಿರಲಿಲ್ಲ.

“ಬಿಡಿ, ನಾನೊಬ್ಬನೇ ಸಾಕು,” ಎಂದು ಸತ್ತವಳ ತಮ್ಮ ಮುಂದೆ ಬಂದ. “ನಮ್ಮ ಗಿಡ್ಡಕ್ಕನ್ನ ಎತ್ತೋಕೆ ನಾಲ್ಕು ಜನ ಬೇಕಾ?”

ಯಾರೋ ಕಿಸಕ್ಕೆಂದರು. ಅವನು ಅಕ್ಕನನ್ನು ನಿದ್ದೆಹೋದ ಮಗುವಿನಂತೆ ತೋಳಲ್ಲಿ ಎತ್ತಿಕೊಂಡು ಹೊರಗೆ ಬಂದ. ಸತ್ತವಳ ತಂಗಿಯ ಮಗಳು, ಬಾಗಿಲಿಗೆ ತಲೆ ತಾಗದಂತೆ ಬಗ್ಗಿ, ದೊಡ್ಡಮ್ಮನ ಇಳಿಬಿದ್ದ ಕೈ ಹಿಡಿದುಕೊಂಡು ಹಿಂದೆ ಬಂದಳು. ಅಂಗಳದಲ್ಲಿ ಹಾಕಿದ್ದ ಕುರ್ಚಿಗಳಲ್ಲಿ ಅರ್ಧಕ್ಕರ್ಧ ಖಾಲಿ ಇದ್ದವು.

ವ್ಯಾನಿನ ಬಾಗಿಲು ಇನ್ನೂ ಹಾಕಿರಲಿಲ್ಲ. ಅಲ್ಲಿಯವರೆಗೆ ಗೇಟಿನಾಚೆ ನಿಂತು ನೋಡುತ್ತಿದ್ದ, ಕತ್ತಿನಲ್ಲಿ ಕಂಪನಿಯ ಬ್ಯಾಡ್ಜ್ ಹಾಕಿಕೊಂಡಿದ್ದ ಒಬ್ಬ ಹುಡುಗಿ ಒಳಗೆ ಬಂದಳು.

“ಮೇಡಂ ಅವರ ಮಗಳು ಯಾರು?”

“ಮಗಳಾ?” ತಮ್ಮ ಹುಬ್ಬೇರಿಸಿದ. “ಅಕ್ಕ ಮದುವೇನೇ ಆಗಿಲ್ಲ ಕಣಮ್ಮಾ. ಅಡ್ರೆಸ್ ತಪ್ಪಿ ಬಂದಿದೀಯ.”

“ಇಲ್ಲ ಸಾರ್. ನಾನು ಅಪಾರ್ಟ್‌ಮೆಂಟಿನ ಮಾದರಿ ಫ್ಲ್ಯಾಟ್ ತೋರಿಸೋಳು. ಮೇಡಂ ಪ್ರತಿ ಭಾನುವಾರ ಬರ್ತಿದ್ರು, ಈ ಸಲ ಬರದೇ ಇದ್ದಾಗ ವಿಚಾರಿಸಿದೆ. ಮಗಳಿಗೆ ಅಂತ ಮನೆ ನೋಡ್ತಿದ್ರು.”

“ಇವರು ಮನೆ ನೋಡ್ತಿದ್ರಾ!” ಮನೆಯೊಡತಿ ಗಲ್ಲದ ಮೇಲೆ ಕೈಯಿಟ್ಟಳು. “ಗೋಡೆಗೆ ಒಂದು ಮೊಳೆ ಹೊಡೀಲಾ ಅಂತ ನನ್ನ ಕೇಳೋಕೇ ಹೆದರ್ತಿದ್ರಲ್ಲ!”

ಕುರ್ಚಿಗಳಲ್ಲಿದ್ದವರ ಮುಖ ಒಂದೊಂದಾಗಿ ಇತ್ತ ತಿರುಗಿತು. ತುಟಿಗಳ ತುದಿಗೆ ನಗು ಬಂದು ಕಾಯುತ್ತಿರುವುದು ತಂಗಿಯ ಮಗಳಿಗೆ ಕಂಡಿತು. ಗಿಡ್ಡಕ್ಕ ಇಲ್ಲದ ಮಗಳಿಗೆ ಮನೆ ಹುಡುಕಿದ ಕತೆ ಇನ್ನು ಮೇಲೆ ಪ್ರತಿ ಮದುವೆಮನೆಯ ಊಟದ ಸಾಲಲ್ಲೂ ಓಡಾಡುತ್ತದೆ. ಆಡಿಕೊಂಡರೆ ತಿರುಗಿ ಹೇಳಲು ದೊಡ್ಡಮ್ಮ ಇರುವುದಿಲ್ಲ. ಇದ್ದಾಗಲೂ ಹೇಳಿದವಳಲ್ಲ.

“ನಾನೇ,” ಎಂದಳು. ಸ್ವರ ಅವಳಿಗೇ ಅಪರಿಚಿತವಾಗಿ ಕೇಳಿಸಿತು. “ನಾನೇ ಅವರ ಮಗಳು.”

ಸೋದರಮಾವ ಏನೋ ಹೇಳಹೊರಟವನು ಅವಳ ಮುಖ ನೋಡಿ ವ್ಯಾನಿನ ಬಾಗಿಲು ಹಾಕಲು ತಿರುಗಿದ.

*

ದೊಡ್ಡಮ್ಮ ಆಸ್ಪತ್ರೆಯ ಬಟ್ಟೆ ಕೋಣೆಯಲ್ಲಿ ಹಾಸಿಗೆಯ ಚಾದರ ಮಡಿಸುತ್ತಿದ್ದಳು. ಅಲ್ಲಿನ ಕಪಾಟುಗಳೆಲ್ಲ ಎತ್ತರ. ಒಂದು ಸ್ಟೂಲನ್ನು ಕಾಲಿನಿಂದ ತಳ್ಳಿಕೊಂಡೇ ಓಡಾಡುತ್ತಿದ್ದಳು. ಬಸ್ಸಿನಲ್ಲಿ ಕೂತರೆ ಕಾಲು ನೇತಾಡುತ್ತಿತ್ತು.

“ಅಲ್ನೋಡೇ,” ಎಂದು ಒಂದು ಸಂಜೆ ಬಸ್ಸಿನ ಕಿಟಕಿಯಿಂದ ತೋರಿಸಿದ್ದಳು. “ಪರದೆ ನೆಲ ಮುಟ್ಟೋ ಹಾಗೆ ಬಿಟ್ಟಿದಾರೆ. ದೀಪ ಕಾಣಲ್ಲ, ಬರೀ ಬೆಳಕು ಮಾತ್ರ ಕಾಣುತ್ತೆ. ಎಷ್ಟು ಚೆನ್ನಾಗಿ ಯೋಚನೆ ಮಾಡಿದಾರೆ ಅಲ್ವಾ?”

“ಯಾರ್ದೋ ಮನೆ ದೊಡ್ಡಮ್ಮ.”

“ನೋಡೋಕೆ ಯಾರ್ದಾದ್ರೇನು? ಈ ಭಾನುವಾರ ಬಾ, ನಿಂಗೊಂದು ಮನೆ ತೋರಿಸ್ತೀನಿ.”

“ಹಾಸ್ಟೆಲ್ಲಲ್ಲಿ ಅವತ್ತೇ ಬಟ್ಟೆ ಒಗೆಯೋ ಸರದಿ. ಮುಂದಿನ ವಾರ ನೋಡೋಣ.”

“ಆಯ್ತು, ಮುಂದಿನ ವಾರ,” ಎಂದಿದ್ದಳು ದೊಡ್ಡಮ್ಮ, ಕಿಟಕಿಯಿಂದ ಕಣ್ಣು ತೆಗೆಯದೆ.

*

ಎಲ್ಲ ಮುಗಿದ ಮೇಲೆ ಅವಳು ಹಾಸ್ಟೆಲ್ಲಿಗೆ ಹೋಗಲಿಲ್ಲ. ಬ್ಯಾಡ್ಜಿನ ಹುಡುಗಿಯ ಜೊತೆ ಫ್ಲ್ಯಾಟಿಗೆ ಹೋದಳು.

ತಿಳಿ ಬೂದು ಗೋಡೆ, ನೆಲ ಮುಟ್ಟುವ ಪರದೆ. ಅಡುಗೆಮನೆಯ ಬುಟ್ಟಿಯಲ್ಲಿದ್ದ ಕಿತ್ತಳೆ ಪ್ಲಾಸ್ಟಿಕ್ಕಿನದು.

“ಒಳಗೆ ಎಲ್ಲೂ ಬಾಗಿಲೇ ಇಲ್ವಲ್ಲ?”

“ಬಾಗಿಲಿದ್ರೆ ಇಕ್ಕಟ್ಟು ಅನ್ಸುತ್ತೆ. ಸಾಮಾನೂ ಹಾಗೇ, ಅಳತೆ ಇಳಿಸಿ ಮಾಡಿಸಿರೋದು. ಕೋಣೆ ದೊಡ್ಡದಾಗಿ ಕಾಣಬೇಕಲ್ಲ.” ಹುಡುಗಿ ಸೋಫಾದ ದಿಂಬು ಸರಿಮಾಡಿದಳು. “ಇಲ್ಲಿ ಯಾರಿಗೂ ನೆಟ್ಟಗೆ ಕೂರೋಕಾಗಲ್ಲ. ಮೇಡಂ ಮೊದಲ ದಿನ ಇದರ ಮೇಲೆ ಕೂತು ತಮ್ಮ ಪಾದಾನೇ ನೋಡ್ತಾ ಇದ್ರು. ‘ನೆಲ ಸಿಗ್ತು ಕಣೇ’ ಅಂದ್ರು.”

ಅವಳು ಕಿಟಕಿಯ ಕಡೆ ತಿರುಗಿ ನಿಂತಳು. “ಅವರು ಕೊಳ್ಳೋರಲ್ಲ ಅಂತ ನಿಮಗೆ ಗೊತ್ತಾಗಲಿಲ್ವಾ?”

“ಎರಡನೇ ವಾರಾನೇ ಗೊತ್ತಾಯ್ತು. ಆದ್ರೆ ಭಾನುವಾರ ನಾನೂ ಒಬ್ಬಳೇ ಇರ್ತೀನಿ.” ಹುಡುಗಿ ಪರದೆಯ ಮಡಿಕೆ ಹಿಡಿದುಕೊಂಡು ನಿಂತಳು. “ಮಗಳ ವಿಷಯಾನೂ ಸುಳ್ಳಿರಬೇಕು ಅನ್ಕೊಂಡಿದ್ದೆ. ಬೆಳಿಗ್ಗೆ ನೀವು ಬಾಗಿಲಲ್ಲಿ ಬಗ್ಗಿ ಬಂದಿದ್ದು ನೋಡಿದ ಮೇಲೆ ಅನುಮಾನ ಹೋಯ್ತು.”

“ಯಾಕೆ?”

“‘ನನ್ನ ಮಗಳು ತೆಂಗಿನ ಮರದ ಹಾಗೆ ಬೆಳೆದಿದಾಳೆ, ಈ ಮಂಚ ಅವಳಿಗೆ ಸಾಲಲ್ಲ’ ಅಂತ ಪ್ರತಿ ಸಲ ಪೇಚಾಡ್ತಿದ್ರು. ಬನ್ನಿ, ನಿಮ್ಮ ಕೋಣೆ ಇದು.”

ಬಾಗಿಲಿಲ್ಲದ ಬಾಗಿಲಿನಿಂದ ಅವಳು ಒಳಗೆ ಹೋದಳು. ಕಿಟಕಿಯ ಕೆಳಗೆ ಗಿಡ್ಡ ಮಂಚ. ಅದರ ಕಾಲ್ತುದಿಗೆ ಒತ್ತಿ, ಕನ್ನಡಿಯ ಮುಂದೆ ಇರಬೇಕಾದ ಸ್ಟೂಲನ್ನು ಇಟ್ಟಿದ್ದರು. ಸ್ಟೂಲಿನ ಮೇಲೊಂದು ಚಾದರ, ನಾಲ್ಕು ಮೂಲೆಯೂ ಕೂಡುವಂತೆ ಆಸ್ಪತ್ರೆಯ ಮಡಿಕೆ.

“ಅವರೇ ಇಟ್ಟಿದ್ದು,” ಎಂದಳು ಹುಡುಗಿ. “ಮ್ಯಾನೇಜರು ತೆಗಿ ಅಂತಾರೆ. ಶನಿವಾರ ತೆಗೀತೀನಿ, ಭಾನುವಾರ ಮತ್ತೆ ಅಲ್ಲೇ ಇರುತ್ತೆ. ಈ ಸಲ ನಾನೇ ಇಟ್ಟೆ.”

ಅವಳು ಚಪ್ಪಲಿ ಬಿಟ್ಟು ಮೆಲ್ಲಗೆ ಮಲಗಿದಳು. ತಲೆ ದಿಂಬು ಸೇರಿತು. ಮಂಚ ಮೊಣಕಾಲ ಕೆಳಗೇ ಮುಗಿದುಹೋಯಿತು. ಹಿಮ್ಮಡಿಗಳೆರಡೂ ಚಾದರದ ಮಡಿಕೆಯ ಮೇಲೆ ಸರಿಯಾಗಿ ಕೂತವು.