ನೀಲಿ ಭಾಗ

"ಬೆಂಕಿ ಬಿದ್ರೆ ಓಡೋರು ಯಾರಮ್ಮಾ? ಸಾರ್ವಜನಿಕರೇ ತಾನೆ? ಹಾಗಿದ್ಮೇಲೆ ಆ ಮೆಟ್ಟಿಲಿಗೂ ನೀಲಿ ಹಾಕು," ಎಂದ ಹಿರಿಯ ಆರ್ಕಿಟೆಕ್ಟ್ ತಮ್ಮ ಮಾತಿಗೆ ತಾವೇ ನಕ್ಕರು.

ಅವರ ಕೈಕೆಳಗೆ ನಕ್ಷೆ ಬರೆಯುವ ಅವಳು ಹಾಕಿದಳು. ನಗರಸಭೆಯ ಜಾಗದಲ್ಲಿ ಏಳಲಿರುವ ಕಟ್ಟಡದಲ್ಲಿ ನೂರಕ್ಕೆ ನಲವತ್ತು ಪಾಲು ಜನರಿಗೆ, ಉಳಿದದ್ದು ಅಂಗಡಿಗಳಿಗೆ ಎಂದು ನಿಯಮ. ನಕ್ಷೆಯಲ್ಲಿ ಜನರದ್ದು ನೀಲಿ, ಅಂಗಡಿಗಳದ್ದು ಕಿತ್ತಳೆ. ಆರು ತಿಂಗಳಿಂದ ಕಿತ್ತಳೆ ಹಿಗ್ಗುತ್ತಲೇ ಬಂದಿತ್ತು. ನಲವತ್ತು ತುಂಬಿಸಲು ಲಿಫ್ಟು, ಕಾರಿಡಾರು, ಟಾಯ್ಲೆಟ್ಟಿನ ದಾರಿ ಎಲ್ಲವೂ ನೀಲಿಯಾಗಿದ್ದವು. ಅವನ್ನು ಬಿಟ್ಟು ಅವಳು ಗುಟ್ಟಾಗಿ ಲೆಕ್ಕ ಹಾಕಿದ್ದಳು: ನೂರಕ್ಕೆ ಹನ್ನೊಂದೂವರೆ. ದಶಮಾಂಶ ತಪ್ಪಿತೇನೋ ಎಂದು ಮತ್ತೆ ಅಳೆದಳು. ಹನ್ನೊಂದೂವರೆಯೇ. ಒಡೆದ ಹಾಲು ಕುಡಿದಂತೆ ಬಾಯೆಲ್ಲ ಹುಳಿಯಾಯಿತು. ಅಸಹ್ಯ ಹಿರಿಯರ ಮೇಲೋ, ಮೌಸ್ ಹಿಡಿದ ತನ್ನ ಕೈಯ ಮೇಲೋ ತಿಳಿಯಲಿಲ್ಲ.

ಮುದ್ರಣ ಯಂತ್ರದಿಂದ ನಕ್ಷೆಯ ಹಾಳೆ ಹೊರಬರುವಷ್ಟರಲ್ಲಿ ಅವಳ ಚಿಕ್ಕಮ್ಮ ಬಂದರು. ಅದೇ ಜಾಗದಲ್ಲಿರುವ ಹಳೆಯ ಗ್ರಂಥಾಲಯವನ್ನು ಇಪ್ಪತ್ತಾರು ವರ್ಷ ನೋಡಿಕೊಂಡವರು. ಅದನ್ನು ಕೆಡವಲು ಓದುಗರ ಒಪ್ಪಿಗೆ ಬೇಕಿತ್ತು. 'ಹೊಸದರಲ್ಲಿ ಅರವತ್ತು ಕುರ್ಚಿ ಹಾಕ್ತೀವಿ' ಎಂಬ ಅವಳ ಮಾತು ನಂಬಿ, ಮಂಡಿನೋವು ಲೆಕ್ಕಿಸದೆ ಮನೆಮನೆ ಸುತ್ತಿ ಸಹಿ ಹಾಕಿಸಿದ್ದರು. ಆ ಕಾಗದಗಳ ಕಟ್ಟು ಕಂಕುಳಲ್ಲಿತ್ತು.

"ಅಬ್ಬಬ್ಬಾ, ಎಷ್ಟೊಂದು ನೀಲಿ ಕಣೇ!" ನೀಲಿಯೆಂದರೆ ಏನೆಂದು ಅವಳೇ ಹಿಂದೆ ಹೇಳಿಕೊಟ್ಟಿದ್ದಳು. "ಇದೆಲ್ಲಾ ನಮ್ದೇನಾ?"

"ಎಲ್ಲಾ ನಿಮ್ದೇ ಅಮ್ಮಾ," ಎಂದು ಹಿರಿಯರು ಕುರ್ಚಿ ಎಳೆದುಕೊಟ್ಟರು. "ಆ ಪೇಪರ್ ಇಲ್ಲಿ ಕೊಟ್ಬಿಡಿ."

ಚಿಕ್ಕಮ್ಮ ಕಟ್ಟನ್ನು ಮೇಜಿನ ಮೇಲಿಟ್ಟು, ಕನ್ನಡಕ ಸರಿಮಾಡಿಕೊಂಡು ನಕ್ಷೆಯ ಮೇಲೆ ಬೆರಳಿಟ್ಟರು. "ಇಲ್ಲಿ ಎಷ್ಟು ಕುರ್ಚಿ?"

ಹಿರಿಯರು ಕೆಮ್ಮಿದರು. ಅವಳು ಬೆರಳಿದ್ದ ಜಾಗ ನೋಡಿದಳು.

"ಅದು ಮೆಟ್ಟಿಲು ಚಿಕ್ಕಮ್ಮ. ಬೆಂಕಿ ಬಿದ್ರೆ ಇಳಿಯೋಕೆ."

"ಇಲ್ಲಿ?"

"ಲಿಫ್ಟು."

"ಈ ಉದ್ದದ್ದು?"

"ಟಾಯ್ಲೆಟ್ಟಿಗೆ ಹೋಗೋ ದಾರಿ."

"ಮತ್ತೆ ಕೂತು ಓದೋದೆಲ್ಲಿ, ಲಿಫ್ಟಲ್ಲಾ? ಪುಟ ತಿರುಗಿಸೋದ್ರೊಳಗೆ ಮೇಲಿರ್ತೀನಲ್ಲೇ!"

"ಅದೆಲ್ಲಾ ಟೆಕ್ನಿಕಲ್ ವಿಷಯ ಅಮ್ಮಾ..." ಹಿರಿಯರು ಅವಳತ್ತ ಕಣ್ಣು ಕೆಕ್ಕರಿಸಿದರು.

ಅವಳು ಚಿಕ್ಕಮ್ಮನ ಬೆರಳು ಹಿಡಿದು ಹಾಳೆಯ ಮೂಲೆಗೆ ಒಯ್ದಳು. ಮೆಟ್ಟಿಲ ಕೆಳಗೆ, ಸೂರು ಇಳಿಜಾರಾಗಿ ತಲೆಗೆ ತಾಕುವ ಕೋಣೆ.

"ಇಲ್ಲಿ. ಹದಿನಾಲ್ಕು ಕುರ್ಚಿ."

ಬೆರಳ ತುದಿಯಡಿ ಕೋಣೆ ಪೂರ್ತಿ ಮುಚ್ಚಿಹೋಗಿತ್ತು.

ಚಿಕ್ಕಮ್ಮ ಅವಳ ಮುಖ ನೋಡಿದರು. ಮೇಜಿನ ಮೇಲಿದ್ದ ಕಟ್ಟನ್ನು ಮೆಲ್ಲಗೆ ಎಳೆದು ತೊಡೆಯ ಮೇಲಿಟ್ಟುಕೊಂಡರು. ಹಾಳೆಯ ಶಾಯಿ ಇನ್ನೂ ಆರಿರಲಿಲ್ಲ. ನೀಲಿ ಹತ್ತಿದ ಬೆರಳನ್ನು ಅವರು ಕರವಸ್ತ್ರದಲ್ಲಿ ಒರೆಸಿದರು, ಬೆಳಕಿಗೆ ಹಿಡಿದು ನೋಡಿದರು, ಮತ್ತೆ ಒರೆಸಿದರು.