ಹಂಚಿದವನ ಪಾಲು

ತಾಂಡೂರಿನಲ್ಲಿ ಬೇಳೆ ಗಿರಣಿ ನಡೆಸುವ ಕಾಶಿನಾಥ, ಅಪ್ಪನ ಹನ್ನೆರಡು ಎಕರೆ ಹೊಲವನ್ನು ಮೂರು ಪಾಲು ಮಾಡಿ, ಯಾವುದು ಯಾರಿಗೆ ಎಂದು ಹೆಸರೂ ಬರೆದಿಟ್ಟ ಮೇಲೆಯೇ ತಂಗಿಗೆ ಫೋನು ಮಾಡಿದ್ದ. ಬಂದು ಸಹಿ ಹಾಕಿ, ಊಟ ಮಾಡಿಕೊಂಡು ಹೋಗು ಎಂದಿದ್ದ. ನಾರಾಯಣಖೇಡದ ಶಾಲೆಯಲ್ಲಿ ಐದನೇ ತರಗತಿಗೆ ಲೆಕ್ಕ ಹೇಳಿಕೊಡುವ ಮಂಗಲಾ ರಜೆ ಹಾಕಿ, ಎರಡು ಬಸ್ಸು ಬದಲಿಸಿ ಬಂದಳು.

ಹೊಲ ನೋಡಿದ್ದೇ ಅವಳ ಮೈ ಉರಿದುಹೋಯಿತು. ಬಾವಿ ಇದ್ದ ಕರಿಮಣ್ಣು ದೊಡ್ಡಣ್ಣನಿಗೆ. ರಸ್ತೆಗೆ ಹತ್ತಿದ ಪಟ್ಟಿ ಸಣ್ಣಣ್ಣ ಅಮರನಾಥನಿಗೆ. ಅವಳ ಹೆಸರಿನ ನಾಲ್ಕು ಎಕರೆ ಪೂರಾ ಹಾಸುಗಲ್ಲು. ನೇಗಿಲಿಟ್ಟರೆ ಗೇಣು ಮಣ್ಣೂ ಸಿಗದು. ಹೆಣ್ಣುಮಗಳಿಗೂ ಪಾಲು ಕೊಟ್ಟೆವೆಂದು ಊರ ತುಂಬಾ ಹೇಳಿಕೊಂಡು ತಿರುಗಿದವರು ಇವರೇ ಅಲ್ಲವೇ?

ಕಾಶಿನಾಥ ಟೇಪು ತೋರಿಸಿದ. ನಾಲ್ಕು, ನಾಲ್ಕು, ನಾಲ್ಕು. ಒಂದು ಗುಂಟೆ ಹೆಚ್ಚುಕಮ್ಮಿ ಇದ್ದರೆ ಕೇಳು ಎಂದ. ಲೆಕ್ಕದ ಟೀಚರಿಗೆ ಇಷ್ಟೂ ತಿಳಿಯದೇ ಎಂದು ಅಮರನಾಥ ನಕ್ಕ.

ಆ ನಗು ಚುಚ್ಚಿತು. ರೊಟ್ಟಿಯನ್ನು ಮೂರು ಸಮಭಾಗ ಮಾಡಿರಿ ಎಂದು ಮಕ್ಕಳಿಗೆ ಹೇಳುವಾಗ ರೊಟ್ಟಿ ಎಲ್ಲ ಕಡೆಯೂ ರೊಟ್ಟಿಯೇ ಆಗಿರುತ್ತದೆ. ಹೊಲ ಹಾಗಲ್ಲ.

“ಅಣ್ಣಾ, ನೀ ಹೊಲ ಹಂಚಿಲ್ಲ, ಗಿರಣ್ಯಾಗ ತೊಗರಿ ಒಡದಂಗ ಒಡದಿ. ಬ್ಯಾಳಿ ನಿಮಗ, ಹೊಟ್ಟು ನನಗ.”

ಹಿರಿಯರೆಂದು ಕರೆಸಿದ್ದ ಕಾಕಾ ಶಿವಶಂಕರಪ್ಪ ಬೇವಿನ ನೆರಳಲ್ಲಿ ಕುಳಿತಿದ್ದರು. ಮಂಗಲಾ ಅವರ ಕಡೆ ತಿರುಗಿ, ಮನೆಯ ಪದ್ಧತಿ ಏನೆಂದು ಕೇಳಿದಳು. ಅವ್ವ ಬೆಲ್ಲದ ಪೆಂಟೆ ಒಡೆಯಲು ಕೊಡುತ್ತಿದ್ದ ಕಾಲದಿಂದ ಮೂವರಿಗೂ ಗೊತ್ತಿದ್ದ ಪದ್ಧತಿ ಅದು: ಎಲ್ಲರಿಗಿಂತ ಸಣ್ಣವರು ಮೊದಲು ಆರಿಸಬೇಕು, ಒಡೆದವರು ಕಡೆಗೆ. ಅಪ್ಪ, ಕಾಕಾ ಬೇರೆಯಾದಾಗ ಹೊಲ ಹಂಚಿದ್ದೂ ಹಾಗೆಯೇ. ಕಾಶಿನಾಥ ಅದನ್ನು ಮರೆತಿದ್ದನೋ, ತಂಗಿ ಲೆಕ್ಕಕ್ಕಿಲ್ಲ ಅಂದುಕೊಂಡಿದ್ದನೋ, ಅವನಿಗೇ ಗೊತ್ತು.

“ಹೌದಪಾ, ಹಂಚಿದಾವ ಕಡೀಕ ತಗೋಬೇಕು,” ಎಂದರು ಕಾಕಾ.

ಹೆಣ್ಣುಮಕ್ಕಳಿಗೆ ಆ ಪದ್ಧತಿ ಇಲ್ಲ ಎಂದು ಕಾಶಿನಾಥ ಗೊಣಗಿದ. ಬೆಲ್ಲಕ್ಕೆ ಇತ್ತಲ್ಲ ಎಂದಳು ಮಂಗಲಾ.

“ಮೂರೂ ಸಮ ಅಂದಿ. ಹಂಗಾದರ ಬಾವಿ ಪಾಲು ನನಗಿರಲಿ. ಸಣ್ಣಣ್ಣ ರಸ್ತೆದು ತಗೋತಾನ. ಉಳದದ್ದು ನಿಂದು. ಹೆಸರು ತಿದ್ದು, ಈಗೇ ಸಹಿ ಹಾಕ್ತೀನಿ.”

ಅಮರನಾಥನ ನಗು ನಿಂತಿತ್ತು. ತನ್ನ ಪಾಲಿಗೆ ಕುತ್ತಿಲ್ಲವಾದ್ದರಿಂದ ಅವನು ಅಣ್ಣನ ಪಕ್ಕದಿಂದ ಸರಿದು ಕಾಕಾನ ಹತ್ತಿರ ನಿಂತ. ಕಾಶಿನಾಥ ಹಾಸುಗಲ್ಲನ್ನು ಈಗ ಮೊದಲ ಸಲ ಕಂಡವನಂತೆ ನೋಡಿದ. ಅಳತೆಯಲ್ಲಿ ಏನೋ ತಪ್ಪಾಗಿರಬೇಕು, ಇನ್ನೊಮ್ಮೆ ಅಳೆಯೋಣ ಎಂದ.

ಮಂಗಲಾ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಬಗ್ಗಿ ಟೇಪಿನ ತುದಿ ಎತ್ತಿಕೊಂಡಳು.

“ಅಳಿ. ಈ ಸಲ ಒಂದು ತುದಿ ನಾ ಹಿಡಿತೀನಿ.”